ಮಕ್ಕಳ ಹೊತ್ತು, ಪ್ರಾಣಿಗಳ ಹೊತ್ತು

20 ಅಕ್ಟೋಬರ್ 2024, ಭಾನುವಾರ
ಅಟ್ಲಾಂಟಾ

ಅವ್ವ ಊರಿಗೆ ಹೊರಡುವುದು ನವೆಂಬರ್ ಕೊನೆಗೆ. ಅಷ್ಟರೊಳಗೆ ಅವಳನ್ನೂ ಮಕ್ಕಳನ್ನೂ ಒಟ್ಟಿಗೆ ಎಲ್ಲಿಗಾದರೂ ಕರೆದೊಯ್ಯಬೇಕೆಂದು ಬೇಸಿಗೆಯಿಂದ ಮಾತು ನಡೆಯುತ್ತಲೇ ಇತ್ತು. ಇವತ್ತು ಊಟದ ಹೊತ್ತಿಗೆ ಗಟ್ಟಿಯಾಯಿತು. ಫ್ಲಾರಿಡಾದ ಆರ್ಲಾಂಡೊ ಹತ್ತಿರದ ಡಿಸ್ನಿ ಅನಿಮಲ್ ಕಿಂಗ್‌ಡಮ್. ಇಲ್ಲಿಂದ ಕಾರಿನಲ್ಲಿ ಒಂದು ಹಗಲಿನ ದಾರಿ.

ಅಲ್ಲಿ ಡಿಸ್ನಿಯವರದೇ ನಾಲ್ಕು ದೊಡ್ಡ ಪಾರ್ಕುಗಳಿವೆ. ಎಲ್ಲರ ಬಾಯಲ್ಲೂ ಮೊದಲು ಬರುವುದು ಸಿಂಡ್ರೆಲಾ ಅರಮನೆಯಿರುವ ಮ್ಯಾಜಿಕ್ ಕಿಂಗ್‌ಡಮ್. ನಾನು ಮಾತ್ರ ಪ್ರಾಣಿಗಳ ಪಾರ್ಕೇ ಆಗಲಿ ಎಂದೆ. ಪುಟ್ಟಿಗೆ ಐದು ವರ್ಷ, ಚಿನ್ನುಗೆ ಇನ್ನೂ ಮೂರು ತುಂಬಿಲ್ಲ, ಅವ್ವ ಎಪ್ಪತ್ತರ ಹತ್ತಿರ. ಈ ಮೂವರನ್ನೂ ಒಟ್ಟಿಗೆ ಕೂರಿಸಿ ಖುಷಿಪಡಿಸುವ ರೈಡ್ ಸಿಗುವುದು ಕಷ್ಟ. ಆನೆ ಎದುರಿಗೆ ಬಂದರೆ ಮೂವರೂ ಒಂದೇ ಕಡೆ ನೋಡುತ್ತಾರೆ.

ಪಾರ್ಕು ಶುರುವಾದದ್ದು 1998ರ ಏಪ್ರಿಲ್ 22ರಂದು, ಭೂಮಿ ದಿನದ ದಿವಸವೇ. ಐನೂರು ಎಕರೆಗೂ ಹೆಚ್ಚಿನ ಜಾಗ, ಅದರಲ್ಲಿ ಸಫಾರಿಯೊಂದಕ್ಕೇ 110 ಎಕರೆ. ಇಷ್ಟು ದೊಡ್ಡ ಜಾಗಕ್ಕೆ ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಹೋಗುವಾಗ ದುಡ್ಡಿನ ಲೆಕ್ಕಕ್ಕಿಂತ ಹೊತ್ತಿನ ಲೆಕ್ಕ ಮುಖ್ಯ ಅನ್ನಿಸುತ್ತದೆ. ಹವಾಮಾನವನ್ನೂ ನೋಡಬೇಕು. ಈ ತಿಂಗಳ 9ರ ರಾತ್ರಿ ಮಿಲ್ಟನ್ ಚಂಡಮಾರುತ ಫ್ಲಾರಿಡಾಕ್ಕೆ ಅಪ್ಪಳಿಸಿತ್ತು. 10ರಂದು ಪಾರ್ಕುಗಳೆಲ್ಲ ಮುಚ್ಚಿದ್ದವು, ಮಾರನೆಯ ದಿನ ಮತ್ತೆ ತೆರೆದವು. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನ ಗುಡುಗು ಸಿಡಿಲು ಬಿದ್ದು ಹೊರಗಿನ ರೈಡುಗಳು ಗಂಟೆಗಟ್ಟಲೆ ನಿಲ್ಲುವುದು ಮಾಮೂಲು. ನವೆಂಬರಿನಲ್ಲಿ ಆ ಕಾಟ ಕಡಿಮೆ, ಬಿಸಿಲೂ ಇಳಿದಿರುತ್ತದೆ.

ಕ್ಯಾಲೆಂಡರ್ ಹರಡಿಕೊಂಡು ಕೂತೆವು. 11ಕ್ಕೆ ವೆಟರನ್ಸ್ ಡೇ, ವಾರಾಂತ್ಯಕ್ಕೆ ಅಂಟಿಕೊಂಡ ರಜೆ. 28ಕ್ಕೆ ಥ್ಯಾಂಕ್ಸ್‌ಗಿವಿಂಗ್, ಆ ವಾರವಂತೂ ಕಾಲಿಡಲು ಜಾಗವಿರುವುದಿಲ್ಲ. ಎರಡರ ನಡುವೆ 13, ಬುಧವಾರ. ಅದೇ ಆಯಿತು. ಪುಟ್ಟಿಯ ಟೀಚರಿಗೆ ನಾಳೆಯೇ ಬರೆದು ತಿಳಿಸಬೇಕು.

26 ಅಕ್ಟೋಬರ್, ಶನಿವಾರ

ಬೆಳಿಗ್ಗೆ ಪುಟ್ಟಿಯ ಎತ್ತರ ಅಳೆದೆ. ಅಡುಗೆಮನೆ ಬಾಗಿಲ ಚೌಕಟ್ಟಿಗೆ ಬೆನ್ನು ಆನಿಸಿ ನಿಲ್ಲಿಸಿ, ತಲೆಯ ಮೇಲೆ ದಪ್ಪ ಪುಸ್ತಕವೊಂದನ್ನು ಮಟ್ಟವಾಗಿಟ್ಟು, ಅದರ ಅಡಿಗೆ ಪೆನ್ಸಿಲ್ ಗೆರೆ ಎಳೆದು ಟೇಪ್ ಹಿಡಿದೆ. 42 ಇಂಚು. ಅವಳು ಕತ್ತು ಉದ್ದ ಮಾಡಿ, ಉಸಿರು ಬಿಗಿಹಿಡಿದು ಇನ್ನೊಮ್ಮೆ ನಿಂತಳು. ಆಗಲೂ 42.

ಈ ಅಳತೆ ಮನೆಯಲ್ಲೇ ಆಗಬೇಕಿತ್ತು. ಅಲ್ಲಿನ ಎವರೆಸ್ಟ್ ರೋಲರ್ ಕೋಸ್ಟರಿಗೆ 44 ಇಂಚು ಬೇಕು. ಅವತಾರ್ ಸಿನಿಮಾದ ಪಂಡೋರಾ ಲೋಕದಲ್ಲಿರುವ ಫ್ಲೈಟ್ ಆಫ್ ಪ್ಯಾಸೇಜಿಗೂ 44. ಡೈನೋಸಾರ್ ರೈಡಿಗೆ 40, ಕಾಳಿ ಹೊಳೆಯ ತೆಪ್ಪದ ರೈಡಿಗೆ 38. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತ ಮೇಲೆ ಅಳತೆ ಕೋಲಿನ ಮುಂದೆ ‘ನಿನಗಿಲ್ಲ’ ಅನ್ನಿಸಿಕೊಳ್ಳುವ ಮಗುವಿನ ಮುಖ ನೋಡಲಾಗುವುದಿಲ್ಲ. ಅದಕ್ಕೇ ಪುಟ್ಟಿಗೆ ಇವತ್ತೇ ಹೇಳಿದೆ: ಗೆರೆ ಇಲ್ಲಿಗೆ ಬಂದ ವರ್ಷ ಆ ಎರಡು ರೈಡ್ ನಿನ್ನವು. 44ಕ್ಕೆ ಇನ್ನೊಂದು ಗೆರೆ ಎಳೆದು ತೋರಿಸಿದೆ. ಅವಳು ಎರಡು ಗೆರೆಗಳ ನಡುವೆ ಬೆರಳಿಟ್ಟು ನೋಡಿ, “ಇಷ್ಟೇನಾ?” ಎಂದು ಸಮಾಧಾನವಾದಳು.

ಉಳಿದ ಎರಡಕ್ಕೆ ಎತ್ತರ ಸಾಕು, ಆದರೂ ಬೇಡ ಅಂದುಕೊಂಡೆವು. ಡೈನೋಸಾರ್ ರೈಡ್ ಕತ್ತಲಲ್ಲಿ ಕುಲುಕುತ್ತಾ ಓಡುತ್ತದೆ, ಪಕ್ಕದಿಂದ ದೊಡ್ಡ ದೊಡ್ಡ ಆಕೃತಿಗಳು ಅಬ್ಬರಿಸಿ ಮೇಲೆ ಬರುತ್ತವೆ. ಇಂಚಿನ ಲೆಕ್ಕ ಹೇಳುವುದು ಮಗು ಆ ಸೀಟಿನಲ್ಲಿ ಸುರಕ್ಷಿತವಾಗಿ ಕೂರಬಹುದು ಅನ್ನುವುದನ್ನು ಮಾತ್ರ. ಹೆದರಿ ರಾತ್ರಿ ನಿದ್ದೆಗೆಡುವುದನ್ನು ಯಾವ ಕೋಲೂ ಅಳೆಯುವುದಿಲ್ಲ. ತೆಪ್ಪದಲ್ಲಿ ಕೂತರೆ ಮೈಯೆಲ್ಲ ತೊಯ್ದು ತೊಪ್ಪೆಯಾಗುತ್ತದೆ, ನವೆಂಬರಿನಲ್ಲಿ ಒದ್ದೆ ಬಟ್ಟೆಯಲ್ಲಿ ಇಡೀ ದಿನ ತಿರುಗಿಸುವುದು ಸರಿಯಲ್ಲ.

ನಮ್ಮ ಯಜಮಾನರಿಗೆ ಎವರೆಸ್ಟ್ ಆಸೆ ಇದೆ. ಮಗುವಿನೊಂದಿಗೆ ಒಬ್ಬರು ಹೊರಗೆ ನಿಂತು, ಇನ್ನೊಬ್ಬರು ಹೋಗಿ ಬಂದ ಮೇಲೆ ಮತ್ತೆ ಪೂರಾ ಸಾಲು ನಿಲ್ಲದೆ ಅದಲು ಬದಲಾಗುವ ವ್ಯವಸ್ಥೆ ಅಲ್ಲಿದೆ, ರೈಡರ್ ಸ್ವಿಚ್ ಎನ್ನುತ್ತಾರೆ. ನನಗೆ ರೋಲರ್ ಕೋಸ್ಟರ್ ಬೇಕಿಲ್ಲ, ಇವರೊಬ್ಬರೇ ಹೋಗಿ ಬರಲಿ. ಹೀಗೆ ಪಟ್ಟಿಯಿಂದ ಒಂದೊಂದನ್ನೇ ಹೊಡೆದುಹಾಕುತ್ತಾ ಹೋದಂತೆ ದಿನ ಅಗಲವಾಗುತ್ತಾ ಬಂತು.

31 ಅಕ್ಟೋಬರ್, ಗುರುವಾರ

ನರಕ ಚತುರ್ದಶಿ. ಈ ವರ್ಷ ಹ್ಯಾಲೋವೀನ್ ಕೂಡ ಇವತ್ತೇ ಬಿದ್ದಿದೆ. ಬೆಳಿಗ್ಗೆ ಎಣ್ಣೆಸ್ನಾನ ಮಾಡಿಸಿಕೊಂಡ ಚಿನ್ನು ಸಂಜೆ ಸಿಂಹದ ವೇಷ ಹಾಕಿ ಬೀದಿ ಸುತ್ತಿದ.

ರಾತ್ರಿ ಅವ್ವ ಕೇಳಿದಳು: “ಅಲ್ಲವಾ, ಪ್ರಾಣಿ ನೋಡಾಕ ಅಷ್ಟು ದೂರ ಯಾಕ? ಹುಲಿ ಸಿಂಹ ಎಲ್ಲಾ ಮೈಸೂರಾಗ ಇಲ್ಲೇನು?” ಕೇಳಬೇಕಾದ ಪ್ರಶ್ನೆಯೇ. ಬರೀ ಪ್ರಾಣಿ ನೋಡುವುದರಲ್ಲಿ ರೋಮಾಂಚನ ಏನಿದೆ ಎಂಬ ಅನುಮಾನ ಈ ಪಾರ್ಕು ಕಟ್ಟುವ ಮೊದಲು ಡಿಸ್ನಿಯ ದೊಡ್ಡವರಿಗೂ ಇತ್ತಂತೆ. ವಿನ್ಯಾಸದ ಮುಖ್ಯಸ್ಥ ಜೋ ರೋಡಿ ಆಗಿನ ಮುಖ್ಯಾಧಿಕಾರಿ ಮೈಕಲ್ ಐಸ್ನರ್ ಇದ್ದ ಸಭೆಯ ಕೋಣೆಗೆ ಜೀವಂತ ಹುಲಿಯನ್ನೇ ಕರೆತಂದರು. ಮೇಜಿನ ಪಕ್ಕದಲ್ಲಿ ಹುಲಿ ಹಾದುಹೋದ ಮೇಲೆ ಆ ಪ್ರಶ್ನೆ ಮತ್ತೆ ಏಳಲಿಲ್ಲ. ಅವ್ವನಿಗೆ ಈ ಕಥೆ ಹೇಳಿದೆ. “ಹುಲಿ ಬಂದ ಮ್ಯಾಲ ಯಾರು ಮಾತಾಡ್ತಾರ” ಎಂದಳು.

ಮಕ್ಕಳಿಗೆ ಪ್ರಾಣಿ ಒಂದು ತಮಾಷೆಯ ವಸ್ತು ಆಗಬಾರದು ಅನ್ನುವುದು ನನ್ನ ಆಸೆ. ಅದಕ್ಕೂ ತನ್ನದೇ ಊಟ, ನಿದ್ದೆ, ಬೇಸರ ಇದೆ ಎಂದು ಅವರಿಗೆ ತಿಳಿಯಬೇಕು. ಆ ಪಾರ್ಕಿನಲ್ಲಿ ಬಲೂನು ಮಾರುವುದಿಲ್ಲ, ಪ್ಲಾಸ್ಟಿಕ್ ಸ್ಟ್ರಾ ಕೊಡುವುದಿಲ್ಲ, ಗಾಳಿಗೆ ಹಾರಿ ಪ್ರಾಣಿಗಳ ಹೊಟ್ಟೆ ಸೇರಬಾರದೆಂದು. ಇದನ್ನು ಪುಟ್ಟಿಗೆ ಮುಂಚೆಯೇ ಹೇಳಿಟ್ಟಿದ್ದೇನೆ. ಬಲೂನು ಯಾಕಿಲ್ಲ ಎಂದು ಈಗ ಅವಳೇ ತಮ್ಮನಿಗೆ ಪಾಠ ಮಾಡುತ್ತಿದ್ದಾಳೆ.

3 ನವೆಂಬರ್, ಭಾನುವಾರ

ನಿನ್ನೆ ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಮಕ್ಕಳಿಗೆ ಅದು ಗೊತ್ತಿಲ್ಲ. ದಿನವೂ ಆರೂವರೆಗೆ ಏಳುತ್ತಿದ್ದವರು ಇವತ್ತು ಐದೂವರೆಗೇ ಎದ್ದು ಕೂತರು. ಬೇರೆ ವರ್ಷವಾಗಿದ್ದರೆ ಹೊಸ ಹೊತ್ತಿಗೆ ಹೊಂದಿಸಲು ನಾನು ರಾತ್ರಿ ನಿದ್ದೆಯನ್ನು ದಿನಕ್ಕಿಷ್ಟು ಮುಂದೂಡುತ್ತಿದ್ದೆ. ಈ ಸಲ ಬೇಡ. ಬೇಗ ಏಳುವುದು 13ರವರೆಗೆ ಹೀಗೇ ಇರಲಿ, ನಮಗದು ಅನುಕೂಲ.

ಕಾರಣ ಇದು. ಪ್ರಾಣಿಗಳ ಪಾರ್ಕಿಗೆ ಬೆಳಗೇ ಜೀವ. ತಂಪಿನ ಹೊತ್ತಿನಲ್ಲಿ ಅವು ಓಡಾಡುತ್ತವೆ, ಮೇಯುತ್ತವೆ. ಬಿಸಿಲೇರಿದ ಮೇಲೆ ನೆರಳು ಹುಡುಕಿ ಮಲಗುತ್ತವೆ. ಸಂಜೆಗೆ ಬಿಡೋಣ ಅಂದರೆ ಗಡಿಯಾರ ಹಿಂದಕ್ಕೆ ಹೋದ ಮೇಲೆ ಆರ್ಲಾಂಡೊದಲ್ಲಿ ಐದೂವರೆ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಸಫಾರಿ ಗಾಡಿಗಳು ಬೆಳಕಿರುವಾಗಲೇ ನಿಲ್ಲುತ್ತವೆ. ಪ್ರಾಣಿಗಳಿಗೆ ಮಧ್ಯಾಹ್ನ ನಿದ್ದೆ, ಚಿನ್ನುಗೂ ಮಧ್ಯಾಹ್ನ ನಿದ್ದೆ. ಎರಡೂ ಒಂದಕ್ಕೊಂದು ಹೊಂದುತ್ತವೆ.

ಒಂದು ಹಾಳೆಯ ಮೇಲೆ ದಿನವನ್ನು ಬರೆದೆ. ಬಾಗಿಲು ತೆರೆಯುತ್ತಲೇ ನೇರ ಆಫ್ರಿಕಾ ಭಾಗಕ್ಕೆ, ಸಫಾರಿಗೆ. ಇಳಿದ ಜಾಗದಲ್ಲೇ ಗೊರಿಲ್ಲಾಗಳ ಕಾಲುದಾರಿ. ಅಲ್ಲೇ ರೈಲು ನಿಲ್ದಾಣ, ರೈಲಿನಲ್ಲಿ ಹೋದರೆ ಪ್ರಾಣಿಗಳ ಆಸ್ಪತ್ರೆ ಮತ್ತು ಆಡು ಕುರಿ ಮುಟ್ಟಿ ನೋಡುವ ದೊಡ್ಡಿ. ಊಟ. ನಿದ್ದೆ. ಆಫ್ರಿಕಾದ ಬೆನ್ನಿಗೇ ಏಷ್ಯಾ, ಅಲ್ಲಿ ಹುಲಿ. ನಾಲ್ಕರ ನಂತರ ಏನನ್ನೂ ಬರೆಯಲಿಲ್ಲ. ಊಟಕ್ಕೆ ಮುಂಚೆ ಒಂದು ಗಂಟೆ, ನಿದ್ದೆಯ ನಂತರ ಒಂದು ಗಂಟೆ ಕೂಡ ಖಾಲಿ ಬಿಟ್ಟಿದ್ದೇನೆ. ಪಾರ್ಕಿನ ಈ ತುದಿಯಿಂದ ಆ ತುದಿಗೆ ಎರಡು ಸಲ ಅಡ್ಡಾಡದ ಹಾಗೆ ಜಾಗಗಳನ್ನು ಜೋಡಿಸಿದ್ದೇ ಈ ಹಾಳೆಯ ಮುಖ್ಯ ಕೆಲಸ. ಅವ್ವನ ಮೊಣಕಾಲಿಗೂ ಅದು ಬೇಕು.

7 ನವೆಂಬರ್, ಗುರುವಾರ

ಮನೆಯ ತಿಂಡಿ ಒಳಗೆ ಒಯ್ಯಲು ಅಲ್ಲಿ ಅಡ್ಡಿಯಿಲ್ಲ. ಗಾಜಿನ ಬಾಟಲಿ, ಬಿಡಿ ಐಸ್ ಮಾತ್ರ ಬೇಡ. ಅವ್ವ ನಿನ್ನೆಯಿಂದ ಕಡಕ್ ರೊಟ್ಟಿ ಬಡಿಯುತ್ತಿದ್ದಾಳೆ. ಶೇಂಗಾ ಚಟ್ನಿ ಪುಡಿ ಡಬ್ಬಿ ತುಂಬಿದೆ. ಕೆಡುವುದಿಲ್ಲ, ಬಿಸಿ ಮಾಡುವ ಗೋಜಿಲ್ಲ, ಚಿನ್ನು ಕೈಗೆ ಒಂದು ಚೂರು ಕೊಟ್ಟರೆ ಹದಿನೈದು ನಿಮಿಷ ಕಡಿಯುತ್ತಾ ಕೂರುತ್ತಾನೆ. ಸಾಲಿನಲ್ಲಿ ನಿಲ್ಲುವಾಗ ಅದಕ್ಕಿಂತ ಒಳ್ಳೆಯ ತಿಂಡಿ ನನಗೆ ತೋಚಲಿಲ್ಲ. ಅನ್ನ ಮೊಸರು ಬೇರೆ. ಕುಡಿಯುವ ನೀರು ಕೌಂಟರಿನಲ್ಲಿ ಕೇಳಿದರೆ ಪುಕ್ಕಟೆ ಕೊಡುತ್ತಾರೆ.

ಶಿಶುಗಳಿಗೆಂದೇ ಪಾರ್ಕಿನ ನಡುಭಾಗದಲ್ಲಿ ಬೇಬಿ ಕೇರ್ ಸೆಂಟರ್ ಇದೆ. ಡೈಪರ್ ಬದಲಿಸುವ ಮೇಜು, ಹಾಲೂಡಿಸುವ ಕೋಣೆ, ಮೈಕ್ರೋವೇವ್ ಎಲ್ಲ ಅಲ್ಲುಂಟು. ಅದರ ಜಾಗವನ್ನು ನಕ್ಷೆಯಲ್ಲಿ ಕೆಂಪು ಪೆನ್ನಿನಿಂದ ಸುತ್ತಿಟ್ಟೆ. ಸ್ಟ್ರಾಲರ್ 31 ಇಂಚು ಅಗಲ, 52 ಇಂಚು ಉದ್ದ ಮೀರಬಾರದು. ನಮ್ಮದು ಅದರೊಳಗೇ ಇದೆ. ಹಿಂದಕ್ಕೆ ಪೂರ್ತಿ ಒರಗುತ್ತದೆ, ಮೇಲೆ ಮುಚ್ಚಿಗೆ ಇದೆ, ಮಗು ಮಲಗಲು ಅದು ಸಾಕು. ಮೂರು ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ, ಹಾಗಾಗಿ ಚಿನ್ನುಗೆ ಖರ್ಚಿಲ್ಲ.

10 ನವೆಂಬರ್, ಭಾನುವಾರ

ಬೆಳಿಗ್ಗೆ ಏಳಕ್ಕೆ ಮುಂಚೆಯೇ ಇವರು ಫೋನ್ ಹಿಡಿದು ಕೂತಿದ್ದರು. ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್ ಪಾಸನ್ನು ಡಿಸ್ನಿ ಹೋಟೆಲಿನಲ್ಲಿ ಉಳಿಯುವವರು ಏಳು ದಿನ ಮುಂಚೆ ಕಾದಿರಿಸಬಹುದು, ನಮ್ಮಂತೆ ಹೊರಗೆ ಉಳಿಯುವವರು ಮೂರು ದಿನ ಮುಂಚೆ. ಕಳೆದ ಜುಲೈಯಿಂದ ಬಂದ ಪದ್ಧತಿ. ಮೂರು ರೈಡು ಆರಿಸಿ, ಒಂದೊಂದಕ್ಕೂ ಒಂದು ಗಂಟೆಯ ಅವಧಿ ಗೊತ್ತು ಮಾಡಿಕೊಳ್ಳಬೇಕು. ಫ್ಲೈಟ್ ಆಫ್ ಪ್ಯಾಸೇಜಿಗೆ ಬೇರೆಯೇ ದುಡ್ಡು.

ಇಬ್ಬರೂ ಕೂತು ಯೋಚಿಸಿದೆವು. ದೊಡ್ಡ ಮಕ್ಕಳಿರುವವರಿಗೆ ಈ ಪಾಸು ಉಪಯೋಗಕ್ಕೆ ಬರುತ್ತದೆ. ನಮಗೆ ಬೇಕಾದ ಒಂದೇ ಒಂದು ಸಾಲು ಸಫಾರಿಯದು. ಬಾಗಿಲು ತೆರೆದಾಗ ಹೆಚ್ಚಿನ ಜನ ಪಂಡೋರಾ ಕಡೆ ಓಡುತ್ತಾರೆ, ಆಗ ಸಫಾರಿಯ ಸಾಲು ಚಿಕ್ಕದಿರುತ್ತದೆ. ಗೊರಿಲ್ಲಾ, ಹುಲಿ, ರೈಲು ಯಾವುದಕ್ಕೂ ಪಾಸು ಬೇಡ. ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆ: ಹತ್ತರಿಂದ ಹನ್ನೊಂದರೊಳಗೆ ಇಂಥ ಕಡೆ ಇರಲೇಬೇಕು ಎಂದು ದುಡ್ಡು ಕಟ್ಟಿದ ಮೇಲೆ, ಮಗು ಒಂದು ಕಡೆ ನಿಂತು ನೋಡುತ್ತಿದ್ದರೂ ಕೈ ಹಿಡಿದು ಎಳೆದುಕೊಂಡು ಓಡುತ್ತೇವೆ. ಕಟ್ಟಿದ ದುಡ್ಡು ನಮ್ಮನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಏಳಾಯಿತು. ಇವರು ಫೋನ್ ಕೆಳಗಿಟ್ಟರು. ಪಾಸು ಕೊಳ್ಳಲಿಲ್ಲ.

12 ನವೆಂಬರ್, ಮಂಗಳವಾರ
ಆರ್ಲಾಂಡೊ

ದಾರಿಯುದ್ದಕ್ಕೂ ಬೇಕೆಂದೇ ನಿಲ್ಲಿಸಿ ನಿಲ್ಲಿಸಿ ಬಂದೆವು. ರಾತ್ರಿ ಎಂಟಕ್ಕೆ ಮಕ್ಕಳು ಮಲಗಿದರು. ಸ್ವೆಟರ್, ಒಂದು ಜೊತೆ ಬದಲಿ ಬಟ್ಟೆ, ರೊಟ್ಟಿ ಡಬ್ಬಿ ಚೀಲಕ್ಕೆ ಹಾಕಿಟ್ಟೆ. ನಾಳೆಯ ಹಾಳೆಯನ್ನು ಅವ್ವನಿಗೆ ಓದಿ ಹೇಳಿದೆ. “ನಿದ್ದಿಗೂ ಹೊತ್ತು ಬರದಿ, ಚಲೋ ಆತು” ಎಂದಳು.

13 ನವೆಂಬರ್, ಬುಧವಾರ, ರಾತ್ರಿ

ಬಾಗಿಲು ತೆರೆಯುವ ಮುಂಚೆಯೇ ಮುಂದೆ ನಿಂತಿದ್ದೆವು. ಒಳಗೆ ಬಿಟ್ಟ ಕೂಡಲೇ ಜನ ಎಡಕ್ಕೆ ಪಂಡೋರಾದತ್ತ ತಿರುಗಿದರು. ನಾವು ನೇರ ಹರಾಂಬೆಗೆ ಹೋದೆವು. ಪೂರ್ವ ಆಫ್ರಿಕಾದ ಕರಾವಳಿ ಪಟ್ಟಣದ ಹಾಗೆ ಕಟ್ಟಿರುವ ಕಾಲ್ಪನಿಕ ಊರು ಅದು. ಗೋಡೆಯ ಗಾರೆ ಕೂಡ ಅಲ್ಲಲ್ಲಿ ಉದುರಿದಂತೆ ಮಾಡಿದ್ದಾರೆ. ಸ್ಟ್ರಾಲರ್ ಹೊರಗೆ ನಿಲ್ಲಿಸಿ ಸ್ವಲ್ಪ ಹೊತ್ತಿನಲ್ಲೇ ಸಫಾರಿ ಲಾರಿ ಹತ್ತಿದೆವು. ಇಬ್ಬದಿಯೂ ತೆರೆದ ಗಾಡಿ, ಕುಲುಕುವ ದಾರಿ. ಬೇಲಿ ಎಲ್ಲೂ ಕಣ್ಣಿಗೆ ಬೀಳುವುದಿಲ್ಲ. ಕಂದಕಗಳನ್ನು ಗಿಡ ಮತ್ತು ದಿಬ್ಬದ ಹಿಂದೆ ಮರೆಮಾಡಿದ್ದಾರೆ.

ನೀರಾನೆ ನೋಡಿದೆವು, ಮೊಸಳೆ ನೋಡಿದೆವು. ಬಯಲಿಗೆ ಬಂದೊಡನೆ ಗಾಡಿ ನಿಂತಿತು. ದಾರಿಯ ಮೇಲೆ ಜಿರಾಫೆ. ಪ್ರಾಣಿ ತಾನಾಗಿ ಸರಿಯುವವರೆಗೆ ಕಾಯುತ್ತೇವೆ ಎಂದು ಓಡಿಸುವ ಹುಡುಗಿ ಹೇಳಿದಳು. ಅದಕ್ಕೆ ಅವಸರವಿರಲಿಲ್ಲ. ನಮ್ಮ ಪಕ್ಕದ ಮರಕ್ಕೆ ಕತ್ತು ಚಾಚಿ, ಕಪ್ಪು ನೇರಳೆ ನಾಲಿಗೆಯನ್ನು ಕೊಂಬೆಗೆ ಸುತ್ತಿ ಎಳೆದರೆ ಎಲೆಗಳಷ್ಟೇ ಬಾಯಿಗೆ ಹೋಗಿ ಕಡ್ಡಿ ಬೋಳಾಗಿ ಹಿಂದಕ್ಕೆ ಚಿಮ್ಮುತ್ತಿತ್ತು. ರೆಪ್ಪೆಯ ಕೂದಲು ಒಂದೊಂದೂ ಕಾಣುವಷ್ಟು ಹತ್ತಿರ. ಮನೆಯಲ್ಲಿ ಒಂದು ನಿಮಿಷ ಸುಮ್ಮನೆ ಕೂರದ ಚಿನ್ನು ಅವ್ವನ ತೊಡೆಯ ಮೇಲೆ ಬಾಯಿ ತೆರೆದು ಕೂತಿದ್ದ. ಅದು ಅಗಿಯುವಾಗ ಅವನ ದವಡೆಯೂ ಆಡುತ್ತಿತ್ತು. ಎಷ್ಟು ಹೊತ್ತು ನಿಂತೆವೋ, ಗಾಡಿಯಲ್ಲಿದ್ದ ಯಾರೂ ಗೊಣಗಲಿಲ್ಲ.

ಮುಂದೆ ಆನೆ, ಬಿಳಿ ಘೇಂಡಾಮೃಗ, ಬಂಡೆಯ ಮೇಲೆ ಸಿಂಹ. ಆಂಕೋಲೆ ದನಗಳ ಕೋಡು ಕಂಡು ಅವ್ವ ಎದ್ದೇ ನಿಲ್ಲಲು ಹೋದಳು. ಹೋರಿ ಹಬ್ಬದ ಸೀಮೆಯವಳು, ದೀಪಾವಳಿ ಈಗಷ್ಟೇ ಕಳೆದಿದೆ. “ಈ ಕೋಡಿಗೆ ಕೊಬ್ಬರಿ ಹಾರ ಕಟ್ಟಿ ಬಿಟ್ರ ನಮ್ಮೂರಾಗ ಯಾರ ಕೈಗೂ ಸಿಗೂದಿಲ್ಲ” ಎಂದಳು. ಪುಟ್ಟಿ ಅದೇನೆಂದು ಕೇಳಿದಳು. ಅದನ್ನು ಹೇಳಿ ಮುಗಿಸುವುದರೊಳಗೆ ಸಫಾರಿಯೇ ಮುಗಿದಿತ್ತು.

ಗೊರಿಲ್ಲಾ ದಾರಿ ಮುಗಿಸಿ ರೈಲು ಹತ್ತಿದೆವು. ಪ್ರಾಣಿಗಳು ರಾತ್ರಿ ತಂಗುವ ಕೊಟ್ಟಿಗೆಗಳ ಹಿಂಭಾಗ ಆ ರೈಲಿನಿಂದ ಕಾಣಿಸುತ್ತದೆ. ಆಚೆ ಇಳಿದರೆ ಕನ್ಸರ್ವೇಶನ್ ಸ್ಟೇಶನ್. ಅಲ್ಲಿನ ಪಶುವೈದ್ಯರ ಕೋಣೆಗೆ ದೊಡ್ಡ ಗಾಜಿನ ಕಿಟಕಿ ಇದೆ, ಚಿಕಿತ್ಸೆ ಮಾಡುವುದನ್ನು ಜನ ನೋಡಬಹುದು. ಹೆಚ್ಚಾಗಿ ಬೆಳಗಿನ ಹೊತ್ತೇ ಮಾಡುತ್ತಾರೆ ಎಂದು ಅದನ್ನು ಊಟಕ್ಕೆ ಮುಂಚೆ ಇಟ್ಟಿದ್ದೆ. ಇವತ್ತು ಮೇಜಿನ ಮೇಲೆ ಒಂದು ಬಾತು. ಕೊಕ್ಕಿಗೆ ಸಣ್ಣ ಮುಸುಕು ತೊಡಿಸಿ ಮಂಪರು ಬರಿಸಿದ್ದರು. ವೈದ್ಯೆ ಜಾಲಪಾದವನ್ನು ಬೆರಳಿನಿಂದ ಬಿಡಿಸಿ, ಅಡಿಭಾಗಕ್ಕೆ ದೀಪ ಹಿಡಿದು ನೋಡುತ್ತಿದ್ದಳು. ಇನ್ನೊಬ್ಬಳು ಅದರ ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟುಕೊಂಡೇ ಇದ್ದಳು.

ಪುಟ್ಟಿ ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಳು. “ಅದಕ್ಕೆ ನೋವಾಗತ್ತಾ?” “ಅದರ ಅಮ್ಮ ಎಲ್ಲಿ?” “ಎದ್ದ ಮೇಲೆ ಅದಕ್ಕೆ ಇದೆಲ್ಲ ನೆನಪಿರತ್ತಾ?” ಬಾತು ಕಣ್ಣು ಬಿಟ್ಟು ತಲೆ ಎತ್ತುವವರೆಗೂ ಕದಲಲಿಲ್ಲ. ಖಾಲಿ ಬಿಟ್ಟಿದ್ದ ಒಂದು ಗಂಟೆ ಪೂರ್ತಿ ಅಲ್ಲಿಗೇ ಹೋಯಿತು. ಆಡುಗಳನ್ನು ಸವರಿ, ಕೈ ತೊಳೆದು ಹಿಂದಿರುಗಿದೆವು.

ಊಟವಾದ ಮೇಲೆ ಚಿನ್ನು ಸ್ಟ್ರಾಲರಿನಲ್ಲಿ ಮಲಗಿದ. ಇವರು ಅವ್ವನನ್ನೂ ಪುಟ್ಟಿಯನ್ನೂ ಲಯನ್ ಕಿಂಗ್ ಹಾಡು ಕುಣಿತಕ್ಕೆ ಕರೆದೊಯ್ದರು. ಅರ್ಧ ಗಂಟೆಯ ಆಟ, ತಂಪಾದ ರಂಗಮಂದಿರ, ಅವ್ವನ ಕಾಲಿಗೂ ವಿಶ್ರಾಂತಿ. ನಾನು ನೆರಳಿನಲ್ಲಿ ಮಗುವಿನ ಪಕ್ಕ ಕೂತೆ. ಎದುರಿಗೆ ದೊಡ್ಡವರು ಮಕ್ಕಳನ್ನು ಎಳೆದುಕೊಂಡು ಓಡುತ್ತಲೇ ಇದ್ದರು. ಹನ್ನೆರಡೂವರೆ ಹೊತ್ತಿಗೆ ಎಷ್ಟೊಂದು ಮಕ್ಕಳು ಅಳುತ್ತವೆ! ಅವು ಹಟ ಮಾಡುತ್ತಿರಲಿಲ್ಲ, ನಿದ್ದೆ ಕೇಳುತ್ತಿದ್ದವು.

ಚಿನ್ನು ಎದ್ದ ಮೇಲೆ ಏಷ್ಯಾ ಭಾಗ. ಇವರು ಎವರೆಸ್ಟಿಗೆ ಹೋದರು, ನಾವು ಮಹಾರಾಜಾ ಜಂಗಲ್ ಟ್ರೆಕ್ ದಾರಿ ಹಿಡಿದೆವು. ಪಾಳುಬಿದ್ದ ಅರಮನೆಯಂತೆ ಕಟ್ಟಿದ ಗೋಡೆಗಳ ನಡುವೆ ಸುಮಾತ್ರಾ ಹುಲಿ. ಅದು ಮಲಗಿತ್ತು, ಬಾಲದ ತುದಿ ಮಾತ್ರ ಆಡುತ್ತಿತ್ತು. ಮುಂದಿನ ತಿರುವಿನಲ್ಲಿ ಹುಲ್ಲಿನ ಬಯಲು. ಅವ್ವ ಗಕ್ಕನೆ ನಿಂತಳು.

“ಅಯ್ಯ, ಇದು ನಮ್ಮ ಚಿಗರಿ ಅಲ್ಲೇನ?”

ಹೌದು, ಕೃಷ್ಣಮೃಗ. ಬೆನ್ನು ಕಪ್ಪಗೆ, ಹೊಟ್ಟೆ ಬೆಳ್ಳಗೆ, ತಿರುಚಿದ ಕೋಡಿನ ಗಂಡು. ಅದರ ಹಿಂದೆ ಕಂದು ಬಣ್ಣದ ಹೆಣ್ಣುಗಳು. ನಮ್ಮ ರಾಣೆಬೆನ್ನೂರಿನ ಅಭಯಾರಣ್ಯವನ್ನು ಈ ಪ್ರಾಣಿಗೆಂದೇ 1974ರಲ್ಲಿ ಮಾಡಿದ್ದು, 119 ಚದರ ಕಿಲೋಮೀಟರು. ಅದರ ಸುತ್ತಲಿನ ಹೊಲದವರಿಗೆ ಚಿಗರಿ ಅಂದರೆ ಅಂದವೂ ಹೌದು, ಆತಂಕವೂ ಹೌದು. ಅವ್ವ ಪುಟ್ಟಿಯನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಶುರುಮಾಡಿದಳು. ಗೋವಿನಜೋಳ ಮೊಣಕಾಲುದ್ದ ಆದಾಗ ಅವು ಹಿಂಡುಗಟ್ಟಿ ಬರುವುದು, ಅಜ್ಜ ರಾತ್ರಿಯಿಡೀ ಕಂಬಳಿ ಹೊದ್ದು ಹೊಲ ಕಾಯುತ್ತಿದ್ದದ್ದು, ಡಬ್ಬಿ ಬಡಿದರೆ ಒಂದರ ಹಿಂದೊಂದು ಆಳೆತ್ತರ ನೆಗೆದು ಓಡುವುದು. “ಹೊಡಿತಿದ್ದಿಲ್ಲೇನು ಅಜ್ಜ?” ಎಂದು ಪುಟ್ಟಿ ಅಜ್ಜಿಯ ಮಾತಿನಲ್ಲೇ ಕೇಳಿದಳು. “ಇಲ್ಲವಾ. ಅವಕ್ಕೂ ಹಸಿವು ಇರತೈತಿ. ಓಡಸ್ತಿದ್ರು ಅಷ್ಟ” ಎಂದಳು ಅವ್ವ.

ಪ್ರಾಣಿಗೂ ಹಸಿವಿದೆ, ಮನುಷ್ಯನಿಗೂ ಬೆಳೆ ಬೇಕು, ಎರಡರ ನಡುವೆ ಬದುಕಬೇಕು ಎಂಬುದನ್ನು ನನ್ನ ಮಗಳು ಫ್ಲಾರಿಡಾದ ಒಂದು ಕಟ್ಟೆಯ ಮೇಲೆ ಕೂತು ಕಲಿತಳು. ಇವರು ಎವರೆಸ್ಟಿನಿಂದ ಬಂದು ನಿಂತರೂ ಅಜ್ಜಿ ಮೊಮ್ಮಗಳ ಮಾತು ಮುಗಿದಿರಲಿಲ್ಲ. ಯಾರೂ ಎಬ್ಬಿಸಲಿಲ್ಲ.

ಕೊನೆಗೆ ನಡುವಿನ ಟ್ರೀ ಆಫ್ ಲೈಫ್ ಕೆಳಗೆ ಬಂದೆವು. 145 ಅಡಿ ಎತ್ತರದ ಕೃತಕ ಮರ. ಒಳಗಿನ ಚೌಕಟ್ಟು ಸಮುದ್ರದಲ್ಲಿ ತೈಲ ತೆಗೆಯುವ ಕಟ್ಟೆಯ ಮಾದರಿಯದು, ಕಾಂಡದ ಮೇಲೆ ಮುನ್ನೂರಕ್ಕೂ ಹೆಚ್ಚು ಪ್ರಾಣಿಗಳ ಕೆತ್ತನೆ. ಬುಡದ ಹತ್ತಿರ ಡೇವಿಡ್ ಗ್ರೇಬಿಯರ್ಡ್ ಎಂಬ ಚಿಂಪಾಂಜಿಯೂ ಇದೆ. ಹುಲ್ಲುಕಡ್ಡಿಯಿಂದ ಗೆದ್ದಲು ಹಿಡಿದು ತಿನ್ನುವುದನ್ನು ಜೇನ್ ಗುಡಾಲ್ 1960ರಲ್ಲಿ ಕಂಡದ್ದು ಅದರಲ್ಲೇ. ಅದನ್ನು ಪುಟ್ಟಿಗೆ ತೋರಿಸಿದೆ. ಬೆಳಕು ಇಳಿಯುವ ಮೊದಲು ಕಾರಿಗೆ ಬಂದೆವು. ಇಬ್ಬರೂ ಅಳದೆ ಬಂದರು.

14 ನವೆಂಬರ್, ಗುರುವಾರ
ವಾಪಸ್ ದಾರಿಯಲ್ಲಿ

ಪಂಡೋರಾ ನೋಡಲಿಲ್ಲ. ನೀಮೋ ಮೀನಿನ ನಾಟಕ ನೋಡಲಿಲ್ಲ. ಡೈನೋಸಾರ್ ಭಾಗಕ್ಕೆ ಕಾಲೇ ಇಡಲಿಲ್ಲ, ಅದನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ಯಾವುದಕ್ಕೂ ಬೇಸರವಿಲ್ಲ. ಹಿಂದಿನ ಸೀಟಿನಲ್ಲಿ ಪುಟ್ಟಿ ತಮ್ಮನ ಮೂಗಿಗೆ ಟಿಶ್ಯೂ ಹಿಡಿದು, ಅವನ ಪಾದ ಬಿಡಿಸಿ ನೋಡುತ್ತಿದ್ದಾಳೆ. ಅವನು ಬಾತು. ಮಧ್ಯೆ ಮಧ್ಯೆ ಅವನು ಜಿರಾಫೆಯೂ ಆಗುತ್ತಾನೆ.

17 ನವೆಂಬರ್, ಭಾನುವಾರ
ಅಟ್ಲಾಂಟಾ

ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಪರಿಚಯದ ಹುಡುಗಿಯೊಬ್ಬಳು ಸಿಕ್ಕಿದ್ದಳು. ಜನವರಿಯಲ್ಲಿ ಅವರೂ ಹೋಗುತ್ತಾರಂತೆ, ಎರಡು ಸಣ್ಣ ಮಕ್ಕಳು, ಊರಿಂದ ಬಂದ ಅತ್ತೆ. ಒಂದೇ ದಿನದಲ್ಲಿ ಎಲ್ಲ ಹೇಗೆ ಮುಗಿಸಿದಿರಿ ಎಂದು ಕೇಳಿದಳು. ಮುಗಿಸಲಿಲ್ಲ, ಮುಗಿಸಬೇಕಾಗಿಯೂ ಇಲ್ಲ ಎಂದೆ.

ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆದಿಡುತ್ತೇನೆ. ಮಕ್ಕಳ ಎತ್ತರ ಮನೆಯಲ್ಲೇ ಅಳೆದು, ಯಾವುದು ಉಂಟು ಯಾವುದು ಇಲ್ಲ ಎಂದು ಮೊದಲೇ ಹೇಳು. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರು, ಪ್ರಾಣಿಗಳನ್ನು ಊಟಕ್ಕೆ ಮುಂಚೆ ನೋಡು. ಅಕ್ಕಪಕ್ಕದ ಜಾಗಗಳನ್ನು ಒಟ್ಟಿಗೆ ಮುಗಿಸು. ಮಗುವಿನ ನಿದ್ದೆಯ ಹೊತ್ತನ್ನು ಯಾವ ರೈಡಿಗೂ ಬಿಟ್ಟುಕೊಡಬೇಡ. ಪಟ್ಟಿಯಲ್ಲಿ ಮೂರೋ ನಾಲ್ಕೋ ಇರಲಿ, ಉಳಿದ ಹೊತ್ತು ಖಾಲಿ ಇರಲಿ. ಮಗು ತಾನಾಗಿ ಒಂದು ಕಡೆ ನಿಂತು ನೋಡತೊಡಗಿದರೆ ಕೈ ಹಿಡಿದು ಎಳೆಯಬೇಡ. ಅಷ್ಟು ದೂರ ಹೋಗುವುದು ಆ ನಿಲ್ಲುವಿಕೆಗಾಗಿಯೇ.